ಎರಡು ಕಿವಿಯ ಚಿತ್ರ

ಹಾರೂಗೇರಿ ಬಸ್‌ಸ್ಟ್ಯಾಂಡಿನ ಹಿಂದೆ, ಗೊಬ್ಬರದ ಅಂಗಡಿಗೂ ಕುನಾಲನ ಕಟಿಂಗ್ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿರುವ ಒಂದು ಖೋಲಿಯಲ್ಲಿ ಅಮೋಘಸಿದ್ದನ ಕಂಪ್ಯೂಟರ್ ಇದೆ. ಝೆರಾಕ್ಸ್, ಹೊಲದ ಉತಾರ, ಆಧಾರ್ ತಿದ್ದುಪಡಿ, ಪಾಸ್‌ಪೋರ್ಟ್ ಸೈಜಿನ ಫೋಟೊ ಎಲ್ಲ ಅಲ್ಲಿ ಆಗುತ್ತದೆ. ಬೇರೆ ಅಂಗಡಿಗಳ ಕಂಪ್ಯೂಟರ್ ತೆರೆದರೆ ದೇವರ ಪಟವೋ ಹಸಿರು ಗುಡ್ಡವೋ ಕಾಣುತ್ತದೆ, ಅದರ ಮೇಲೆ ಸಾಲಾಗಿ ಹಳದಿ ಫೋಲ್ಡರ್‌ಗಳು. ಇವನ ತೆರೆಯ ಮೇಲೆ ಒಂದೂ ಹಳದಿ ಫೋಲ್ಡರ್ ಇಲ್ಲ, ಇರುವುದೆಲ್ಲ ಕುರಿಯ ಕಿವಿ.

ಇದು ಹುಚ್ಚಲ್ಲ. ಅವನ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಕುರಿಗಾರರು. ವರ್ಷದಲ್ಲಿ ಬಹುಪಾಲು ದಾರಿಯಲ್ಲೇ ಬದುಕುವ ಮಂದಿ ಅವರು. ಸರ್ಕಾರ ಅವರನ್ನು ಕೇಳುವ ಮೊದಲ ಪ್ರಶ್ನೆಯೇ ಕಾಯಂ ವಿಳಾಸ. ಕಾಗದಪತ್ರ ಹೆಗಲ ಚೀಲದಲ್ಲಿಟ್ಟರೆ ಮಳೆಗೆ ತೊಯ್ಯುತ್ತವೆ, ಇಲ್ಲವೇ ಇಲಿ ತಿನ್ನುತ್ತದೆ. ಅದಕ್ಕೆ ಎಲ್ಲರೂ ತಮ್ಮ ಕಾಗದ ಸ್ಕ್ಯಾನ್ ಮಾಡಿಸಿ ಅಮೋಘಸಿದ್ದನ ಕಂಪ್ಯೂಟರಿನಲ್ಲಿ ಇಟ್ಟು ಹೋಗುತ್ತಾರೆ. ಒಮ್ಮೆ ವಿರುಪಾಕ್ಷಪ್ಪ ಎಂಬ ಮುದುಕ ತನ್ನ ಕಾಗದ ಕೇಳಿ ಬಂದು, ಇವನು ಹುಡುಕುತ್ತ ಕೂತಿದ್ದನ್ನು ನೋಡಿ ನೋಡಿ ಬೇಸತ್ತು ಬೈದಿದ್ದ.

"ಎಲ್ಲಾ ಹಳದಿ ಚೀಲ ಒಂದ ಥರಾ ಅದಾವಲ್ಲೋ ಸಿದ್ದ. ನಾವು ಕುರಿಗಾದ್ರ ಕಿವಿ ಕೊಯ್ದು ಬಿಟ್ಟಿರ್ತೀವಿ. ಇವಕ್ಕೇನ ಗುರುತ?"

"ಕೆಳಗ ಹೆಸರ ಬರದೀನಲ್ಲ ಕಾಕಾ."

"ಹೆಸರ ನಿಂಗ ಬರತೈತಿ. ನಂಗ ಬರತೈತೇನ?"

ಮಾತು ಖರೆ ಇತ್ತು. ಕುರಿಗಾರರ ಒಂದೊಂದು ಮನೆತನಕ್ಕೂ ಒಂದೊಂದು ಕಿವಿಗುರುತು ಇರುತ್ತದೆ. ಒಬ್ಬರದು ತುದಿಯಲ್ಲಿ ಕಚ್ಚು, ಒಬ್ಬರದು ಅಂಚಿನಲ್ಲಿ ಸೀಳು, ಇನ್ನೊಬ್ಬರದು ನಡುವೆ ತೂತು. ಬೆನ್ನಿಗೆ ಹಚ್ಚಿದ ಕೆಂಪು ಜಾಜು ಮಳೆಗೆ ಹೋಗುತ್ತದೆ. ಕೊಯ್ದ ಕಿವಿ ಕುರಿ ಸಾಯುವ ತನಕ ಹಾಗೇ ಇರುತ್ತದೆ.

ಅಂದಿನಿಂದ ಅಮೋಘಸಿದ್ದ ಐಕಾನ್ ಬರೆಯಲು ಕೂತ. ಮೊದಲು ಇಡೀ ಕುರಿ ಬರೆದ. ತೆರೆಯ ತುಂಬ ದೊಡ್ಡದು ಮಾಡಿ ನೋಡಿದಾಗ ಕುರಿಯೇ. ಫೋಲ್ಡರಿನ ಅಳತೆಗೆ ಇಳಿಸಿದರೆ ತೊಯ್ದ ಹತ್ತಿಯ ಉಂಡೆ. ಮುಖ ಮಾತ್ರ ಬರೆದ. ಕಣ್ಣು, ಮೂಗು ಕುಗ್ಗಿ ಬೆಲ್ಲಕ್ಕೆ ಮುತ್ತಿದ ನೊಣದಂತೆ ಕಂಡವು. ಕಣ್ಣು ತೆಗೆದ, ಮೂಗು ತೆಗೆದ, ಬಾಯಿ ತೆಗೆದ. ಕೊನೆಗೆ ಉಳಿದದ್ದು ನಡುವೆ ಒಂದು ಉಣ್ಣೆಯ ಗುಪ್ಪೆ, ಆಚೀಚೆ ಎರಡು ಕಿವಿ. ಇಷ್ಟೇ ಸಾಕು, ಗುರುತಿರುವುದು ಕಿವಿಯಲ್ಲಿ ತಾನೆ ಅಂದುಕೊಂಡ. ಚಿತ್ರವನ್ನು ಚೌಕ ಚೌಕ ಕಾಣುವಷ್ಟು ಹಿಗ್ಗಿಸಿ, ಒಂದೊಂದು ಚೌಕಕ್ಕೆ ಬಣ್ಣ ತುಂಬಿ, ಕಚ್ಚು ಇರಬೇಕಾದಲ್ಲಿ ಚೌಕ ಖಾಲಿ ಬಿಟ್ಟು, ಐಕಾನ್ ಮಾಡಿ ಉಳಿಸುವುದು. ಆಮೇಲೆ ಆ ಮನೆಯವರ ಫೋಲ್ಡರಿಗೆ ಅದನ್ನು ಹಾಕುವುದು. ಕೆಲಸ ಇಷ್ಟೇ. ಆದರೆ ಒಂದು ಕಿವಿ ಸರಿಯಾಗಿ ಬರಲು ಒಮ್ಮೊಮ್ಮೆ ಇಡೀ ಸಂಜೆ ಹಿಡಿಯುತ್ತಿತ್ತು. ಸಂಜೆಗೆ ಅವನಿಗೆ ಬೇರೆ ಕೆಲಸವೂ ಇರಲಿಲ್ಲ.

ಮನೆ ಅಲಖನೂರದಲ್ಲಿತ್ತು. ದೀಪಾವಳಿ ಮುಗಿದ ಮೇಲೆ ಅಣ್ಣ ಮಾಳು, ಅವನ ಹೆಂಡತಿ ತಾರವ್ವ, ಅವರ ಬೆಳೆದ ಗಂಡುಮಕ್ಕಳು ಕುರಿ ಹೊಡೆದುಕೊಂಡು ಹೊರಟರೆ ಮಳೆಗಾಲಕ್ಕೇ ತಿರುಗಿ ಬರುವುದು. ಅಮೋಘಸಿದ್ದನಿಗೆ ಸಣ್ಣವನಿದ್ದಾಗ ಪೋಲಿಯೊ ಆಗಿ ಒಂದು ಕಾಲು ಒಣಗಿತ್ತು. ಕೋಲಿಲ್ಲದೆ ನಡೆಯಲಾಗದವನು ಕುರಿ ಹಿಂದೆ ಹೇಗೆ ಹೋದಾನು? ಅವನನ್ನು ಶಾಲೆಗೆ ಹಾಕಿ ಎಲ್ಲರೂ ಹೋದರು. ಅವತ್ತಿನಿಂದ ಇವತ್ತಿನವರೆಗೆ ಹೋಗುತ್ತಲೇ ಇದ್ದಾರೆ. ತಾಯಿ ಸತ್ತದ್ದೂ ದಾರಿಯಲ್ಲೇ. ಇವನು ಬಸ್ಸು ಹಿಡಿದು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಹಿಂಡು ಮುಂದಿನ ಊರಿಗೆ ಹೋಗಿತ್ತು. ಮದುವೆಯ ಮಾತು ಒಮ್ಮೆ ಬಂದಿತ್ತು. ಹೆಣ್ಣಿನ ಅಪ್ಪ ಚಹ ಕುಡಿಯುವ ಮೊದಲೇ ಕೇಳಿದ: "ಹುಡುಗನ ಪಾಲಿಗೆ ಕುರಿ ಎಷ್ಟ ಅದಾವ್ರಿ?" ಒಂದೂ ಇರಲಿಲ್ಲ. ಜಾವಳದಲ್ಲಿ, ಮೊದಲ ಕೂದಲು ತೆಗೆಸಿದಾಗ, ಸೋದರಮಾವ ಇವನ ಹೆಸರಿಗೆ ಒಂದು ಹೆಣ್ಣುಮರಿ ಬಿಟ್ಟಿದ್ದನಂತೆ. ಅದರ ಸಂತತಿ ಎಲ್ಲಿ ಹೋಯಿತು ಎಂದು ಯಾರೂ ಲೆಕ್ಕ ಇಡಲಿಲ್ಲ. ಕುರಿ ಹಿಂದೆ ಬಾರದವನ ಕುರಿ ಹಿಂಡಿನದೇ ಆಗುತ್ತದೆ.

ಈ ಮಳೆಗಾಲಕ್ಕೆ ಹಿಂಡು ಪಾಲಾಗುವುದಿತ್ತು. ಮಾಳುವಿನ ಮಕ್ಕಳು ಬೇರೆ ಬೇರೆ ನಡೆಯುವ ವಯಸ್ಸಿಗೆ ಬಂದಿದ್ದರು. "ಮನಿ ನಿಂಗ ಬಿಡೋದಂತ ನಿಮ್ಮ ಅಣ್ಣ ಹೇಳ್ಯಾನ" ಎಂದು ತಾರವ್ವ ಫೋನಿನಲ್ಲಿ ತಿಳಿಸಿದ್ದಳು. ಕುರಿಯ ಮಾತು ಅವಳು ಎತ್ತಲಿಲ್ಲ. ಅಮೋಘಸಿದ್ದನಿಗೆ ಮನೆ ಬೇಕಿರಲಿಲ್ಲ, ಅದು ಆಗಲೇ ಅವನೊಬ್ಬನದೇ ಆಗಿ ಬಿದ್ದಿತ್ತು. ಅವನಿಗೆ ಬೇಕಿದ್ದದ್ದು ಹಿಂಡಿನಲ್ಲಿ ಪಾಲು. ಹಿಂಡಿನಲ್ಲಿ ಪಾಲಿದ್ದವನಿಗೆ ಎಲ್ಲಿ ನಿಂತಿದ್ದೇವೆ, ಎಷ್ಟು ಈಯ್ದವು, ಯಾವುದು ಸತ್ತಿತು ಎಂದು ಫೋನು ಬರುತ್ತದೆ. ಇಲ್ಲದವನಿಗೆ ಬರುವುದು ಕಾಗದದ ಕೆಲಸಕ್ಕೆ ಮಾತ್ರ.

ಈ ಆಸೆಯನ್ನು ಅವನು ಒಂದು ಸಲ ಕುನಾಲನ ಮುಂದೆ ಬಾಯಿ ಬಿಟ್ಟಿದ್ದ. ಕುನಾಲ ಗಿರಾಕಿಯ ಗಡ್ಡಕ್ಕೆ ಸಾಬೂನು ಹಚ್ಚುತ್ತ ನಕ್ಕುಬಿಟ್ಟ.

"ಕುರಿ ತಗೊಂಡ ಏನ ಮಾಡ್ತಿಯೋ ಶಾಣ್ಯಾ? ಒಂದ ಕುರಿ ಮಶೀನ್ದಾಗ ಹಾಕಿ ನಾಕ ಝೆರಾಕ್ಸ್ ತಗಿತೀಯೇನ?"

ಸಾಬೂನು ಹಚ್ಚಿಸಿಕೊಂಡವನೂ ನಕ್ಕ. ಅಮೋಘಸಿದ್ದ ಮತ್ತೆ ಆ ಮಾತು ಎತ್ತಲಿಲ್ಲ.

ಬೇಸಿಗೆಯಲ್ಲಿ ಒಂದು ಬೆಳಗ್ಗೆ ಮಾಳುವಿನ ಫೋನ್ ಬಂತು. ಹಿಂದೆ ಕುರಿಗಳ ಒದರಾಟ, ಜನರ ಜಗಳ.

"ಲೇ ಸಿದ್ದ, ಅಂಗಡ್ಯಾಗ ಅದಿ ಏನ? ನಮ್ಮ ಕಿವಿಗುರುತ ಕಂಪ್ಯೂಟರ್‌ದಾಗ ಬರದಿಟ್ಟೀನಿ ಅಂದಿದ್ದೆಲ್ಲ, ಐತಿ ಏನ?"

"ಐತಿ ಅಣ್ಣಾ. ಯಾಕ?"

"ಜಲ್ದಿ ಕಳಸು. ಇಲ್ಲಿ ಮಾತ ನಿಂತೈತಿ."

ಮಾಳು ಅವಸರದಲ್ಲಿ ಹೇಳಿದ್ದನ್ನು ಜೋಡಿಸಿದರೆ ಸಂಗತಿ ಇಷ್ಟು. ಹಿಂಡು ಮಂಗಸೂಳಿ ಹತ್ತಿರ ಜಿನ್ನಪ್ಪ ಎಂಬ ರೈತನ ಹೊಲದಲ್ಲಿತ್ತು. ಕಬ್ಬು ಕಡಿದ ಮೇಲೆ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿಕೊಳ್ಳುವುದು ಅಲ್ಲಿಯ ರೂಢಿ. ಅದೇ ಹೊಲದ ಇನ್ನೊಂದು ತುದಿಗೆ ಬಾಳಾಸಾಬನ ಹಿಂಡು ನಿಂತಿತ್ತು. ಹಿಂದಿನ ದಿನ ಗಾಳಿ ಕಟ್ಟಿಕೊಂಡು ಅಡ್ಡಮಳೆ ಹೊಡೆದು, ಗುಡುಗಿಗೆ ಬೆದರಿದ ಎರಡೂ ಹಿಂಡು ಕೂಡಿಬಿಟ್ಟಿದ್ದವು. ಬೆನ್ನಿನ ಜಾಜು ತೊಳೆದು ಹೋಗಿತ್ತು. ಇನ್ನು ಕಿವಿಯೇ ಗತಿ. ಆದರೆ ಬಾಳಾಸಾಬನ ಅಜ್ಜನೂ ಮಾಳುವಿನ ಅಜ್ಜನೂ ಅಣ್ಣತಮ್ಮಂದಿರು. ಹಿಂಡು ಒಡೆದಾಗ ಗುರುತು ಬಿಟ್ಟುಕೊಡಲು ಇಬ್ಬರಿಗೂ ಮನಸ್ಸಿರದೆ, ಅದೇ ಕಚ್ಚನ್ನು ಹಿರಿಯ ಮನೆಯಾದ ಮಾಳುವಿನದು ಬಲಗಿವಿಗೆ, ಕಿರಿಯ ಮನೆಯಾದ ಬಾಳಾಸಾಬನದು ಎಡಗಿವಿಗೆ ಹಾಕುತ್ತ ಬಂದಿತ್ತು. ಬಾಳಾಸಾಬ ಇದ್ದಿದ್ದರೆ ಜಗಳವೇ ಇಲ್ಲ. ಅವನು ಕಣ್ಣಿನ ಆಪರೇಷನ್ನಿಗೆಂದು ಮೀರಜಿಗೆ ಹೋಗಿದ್ದ. ಹಿಂಡು ಅಳಿಯ ಸುರಜನ ಕೈಯಲ್ಲಿತ್ತು. ಆತ ಟ್ರ್ಯಾಕ್ಟರ್ ಹೊಡೆಯುತ್ತಿದ್ದ ಮನುಷ್ಯ. ಕೊಬ್ಬಿದ ಕುರಿಗಳ ಬಲಗಿವಿಯಲ್ಲಿ ಕಚ್ಚು ಕಂಡದ್ದೇ, ಬಲಗಿವಿಯೇ ತಮ್ಮದು ಎಂದು ಹಟ ಹಿಡಿದಿದ್ದ.

ಹೊಲದ ಯಜಮಾನ ಜಿನ್ನಪ್ಪನೇ ನಡುವೆ ನಿಂತ. ಫೋನಿನಲ್ಲಿ ಅವನ ಧ್ವನಿಯೂ ಕೇಳಿಸಿತು. "ನಂಗ ಕುರಿ ಕಿವಿ ತಿಳ್ಯಾಂಗಿಲ್ರಿ. ಇಬ್ಬರೂ ಆಣಿ ಮಾಡಾಕತ್ತೀರಿ. ಇವತ್ತಿನ ಜಗಳಕ್ಕಿಂತ ಮೊದಲಿಂದ ಏನಾರ ಇದ್ರ ತೋರಸ್ರಿ."

ಇಷ್ಟು ವರ್ಷದಲ್ಲಿ ಹಿಂಡಿಗೆ ಅಮೋಘಸಿದ್ದ ಬೇಕಾದದ್ದು ಇದೇ ಮೊದಲು. ತನ್ನ ಮನೆಯ ಫೋಲ್ಡರಿನ ಐಕಾನನ್ನು ಹಿಗ್ಗಿಸಿದ. ಎಲ್ಲಕ್ಕಿಂತ ಚೆಂದ ಬರೆದದ್ದು ಅದನ್ನೇ. ಕಚ್ಚಿನ ಅಂಚಿಗೆ ಒಂದು ಚೌಕ ಬೂದು ಹಾಕಿ ನೆರಳು ಕೂಡ ಕೊಟ್ಟಿದ್ದ. ಯಾವತ್ತು ಉಳಿಸಿದ್ದೆಂದು ಕಂಪ್ಯೂಟರಿನಲ್ಲಿ ತಾರೀಖಿತ್ತು, ಅದು ಕಾಣುವ ಹಾಗೆ ಫೋಟೊ ಹೊಡೆದು ವಾಟ್ಸಾಪಿಗೆ ಕಳಿಸಿದ. ಕೆಳಗೆ 'ನಮ್ಮ ಮನಿ ಗುರುತು' ಎಂದು ಬರೆದ.

ಆಮೇಲೆ ಫೋನಿಗಾಗಿ ಕಾದ. ಉತಾರಕ್ಕೆ ಬಂದವನನ್ನು ಸರ್ವರ್ ಇಲ್ಲ ಎಂದು ಹೊರಗಟ್ಟಿದ. ಇನ್ನು ಮೇಲೆ ಪಾಲು ಕೇಳಿದರೆ ಯಾರೂ ನಗಲಾರರು, ಉಳಿಸಿಕೊಟ್ಟವನು ತಾನು ಎಂದು ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡ. ಅಣ್ಣನಿಗೆ ಎರಡು ಸಲ ಫೋನ್ ಹಚ್ಚಿದ. ಎತ್ತಲಿಲ್ಲ. ಮಧ್ಯಾಹ್ನಕ್ಕೆ ತಾರವ್ವನ ಫೋನ್ ಬಂತು.

"ಏನ ಕಳಸಿದ್ಯೋ ಸಿದ್ದ? ಎಡಗಿವಿ ಬರದು ಕಳಸೀಯಲ್ಲ!"

"ಇಲ್ಲ ವೈನಿ, ಬಲಗಿವಿನ ಬರದೀನಿ."

"ಎಲ್ಲಾರೂ ನೋಡಿದ್ರು. ಕಚ್ಚು ಎಡಕ್ಕೈತಿ. 'ನಿಮ್ಮ ತಮ್ಮನ ಕಂಪ್ಯೂಟರನ ಹೇಳತೈತಿ ನಿಮ್ಮದು ಎಡಗಿವಿ ಅಂತ' ಅಂದು ಆ ಸುರಜ ನಮ್ಮ ಕುರಿ ಹೊಡಕೊಂಡ ಹೋದ. ನಿಮ್ಮ ಅಣ್ಣ ತಲಿಮ್ಯಾಲೆ ಟಾವೆಲ್ ಹಾಕ್ಕೊಂಡ ಕುಂತಾನ."

ಅಮೋಘಸಿದ್ದ ತೆರೆ ನೋಡಿದ. ಅವನ ಕಣ್ಣಿಗೆ ಅದು ಬಲಗಿವಿಯೇ. ಕುರಿ ಎದುರಿಗೆ ನಿಂತಿದೆ, ಅದರ ಬಲಗಿವಿ ನೋಡುವವನ ಎಡಕ್ಕೆ ಬರುತ್ತದೆ, ಅಷ್ಟೇ. ಇದರಲ್ಲಿ ತಪ್ಪೇನು? ಶಟರ್ ಎಳೆದು ಬೀಗ ಹಾಕಿ ಬಸ್ಸು ಹತ್ತಿದ. ಕುಡಚಿಯಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾದ. ಕೃಷ್ಣೆಯ ಸೇತುವೆ ದಾಟುವಾಗಲೂ ಅದೇ ಯೋಚನೆ. ಪಾಲು ಹೋಗಲಿ, ಇದ್ದ ಕುರಿಯನ್ನೇ ಕಳೆದವನಾದೆ. ಈ ಮಳೆಗಾಲಕ್ಕೆ ಅವರು ಮನೆಗೆ ಬಂದರೂ ಮುಖ ಹೇಗೆ ತೋರಿಸಲಿ?

ಮಂಗಸೂಳಿಯಲ್ಲಿ ಮಲ್ಲಯ್ಯನ ಗುಡಿಗೆ ಬಂದ ಜನ ಹಣೆತುಂಬ ಅರಿಶಿನದ ಭಂಡಾರ ಬಳಿದುಕೊಂಡು ಇಳಿಯುತ್ತಿದ್ದರು. ಅವರ ನಡುವೆ ಕೋಲೂರಿಕೊಂಡು ನುಸುಳಿ, ಕೇಳಿ ಕೇಳಿ, ಹಸಿ ಮಣ್ಣಿನ ಹೊಲದಲ್ಲಿ ಕೋಲು ಹುಗಿಯುತ್ತ ಕೀಳುತ್ತ ನಡೆದ. ಹೊತ್ತು ಇಳಿದಿತ್ತು. ದೂರದಿಂದಲೇ ಕಂಡಿತು, ಜಗಳದ ಗುರುತೂ ಇರಲಿಲ್ಲ. ತಾರವ್ವ ಮೂರು ಕಲ್ಲಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮಾಳು ಬೀಡಿ ಸೇದುತ್ತಿದ್ದ. ಜಿನ್ನಪ್ಪ ಬದುವಿನ ಮೇಲೆ ಕೂತು ಅವನೊಡನೆ ಮಾತಾಡುತ್ತಿದ್ದ.

"ಬಂದ್ಯಾ? ಕುರಿ ಬಂದುವು" ಎಂದಳು ತಾರವ್ವ. "ನೀ ಇಷ್ಟ ದೂರ ಯಾಕ ಬಂದಿ?"

ಆದದ್ದು ಬಹಳ ಸರಳ. ಸುರಜ ಹೊಡೆದುಕೊಂಡು ಹೋದವು ಹಾಲು ಕೊಡುವ ಕುರಿಗಳು. ಅವುಗಳ ಮರಿಗಳು ಇಲ್ಲಿ, ತಾರವ್ವ ಮರಿ ಕೂಡಲು ಕಟ್ಟಿದ ಬಲೆಯ ಬೇಲಿಯೊಳಗೆ. ಮೊಲೆ ಉಣಿಸುವ ಹೊತ್ತಾದಂತೆ ಅಲ್ಲಿ ಕುರಿ ಒದರಿದವು, ಇಲ್ಲಿ ಮರಿ ಒದರಿದವು. ಸುರಜನ ಹೆಂಡತಿ, ಬಾಳಾಸಾಬನ ಮಗಳು ಕೋಮಲ, ಗಂಡನಿಗೆ ಎಲ್ಲರ ಮುಂದೆ ಝಾಡಿಸಿದಳಂತೆ: "ಕೆಚ್ಚಲ ಬಿಗದು ಸಾಯಾಕತ್ತಾವ, ನಿಮಗ ಕೇಳಸವಲ್ದೇನ್ರಿ? ಮರಿ ಇಲ್ಲದ ಕುರಿ ತಂದು ಏನ ಮಾಡೂದೈತಿ, ನೀವ ಕುಡಿತೀರೇನ?" ತಾನೇ ಬಲೆಯ ಬಾಗಿಲು ತೆಗೆದು ಅಟ್ಟಿದಳು. ಕುರಿಗಳು ಯಾರನ್ನೂ ಕೇಳದೆ ಓಡಿಬಂದು ತಮ್ಮ ತಮ್ಮ ಮರಿ ಮೂಸಿ ನಿಂತವು. ಮಾತು ಮುಗಿಯಿತು.

"ನಿಮ್ಮ ಕಂಪ್ಯೂಟರ್ ಸೋಲ್ತಲ್ರಿ" ಎಂದು ಜಿನ್ನಪ್ಪ ನಗುತ್ತ ಎದ್ದು ತನ್ನ ದಾರಿ ಹಿಡಿದ.

ಅಮೋಘಸಿದ್ದ ನಗಲಿಲ್ಲ. ಫೋನು ತೆಗೆದು ಅಣ್ಣನ ಮುಖದ ಮುಂದೆ ಹಿಡಿದ.

"ನೀನ ನೋಡಣ್ಣಾ. ಇದು ಬಲಗಿವಿ ಹೌದೋ ಅಲ್ಲೋ?"

ಮಾಳು ಬೀಡಿ ಎಸೆದು ಎದ್ದ. ತಮ್ಮನ ರಟ್ಟೆ ಹಿಡಿದು ಮೇಯುತ್ತಿದ್ದ ಒಂದು ಕುರಿಯ ಹಿಂದೆ ನಿಲ್ಲಿಸಿದ.

"ಇದರ ಕಚ್ಚು ನಿಂಗ ಯಾವ ಕಡೆ ಕಾಣತೈತಿ?"

"ಬಲಕ್ಕ."

"ಚಿತ್ರದಾಗ?"

"ಎಡಕ್ಕ. ಆದ್ರ ಅದು ನನ್ನ ಕಡೆ ಮುಖಾ ಮಾಡಿ ನಿಂತೈತಿ ಅಣ್ಣಾ."

"ಎಲ್ಲೈತಿ ಮುಖಾ? ಕಣ್ಣಿಲ್ಲ, ಮೂಗಿಲ್ಲ. ಎರಡ ಕಿವಿ, ಒಂದ ಗುಪ್ಪಿ. ಯಾವ ಕುರಿಗಾರಗ ತೋರಿಸಿದ್ರೂ ಎಡಗಿವಿ ಅಂತಾನ." ಮಾಳು ಫೋನು ಹಿಂದಕ್ಕೆ ಕೊಟ್ಟ. "ಕುರಿ ಕಾಯಾವ ಕುರಿ ಹಿಂದ ಇರ್ತಾನೋ ಹುಚ್ಚಪ್ಪ. ಜನ್ಮಾ ಪೂರ್ತಿ ನಾವು ನೋಡೂದು ಕುರಿ ಕುಂಡಿ. ನೀ ಬಾಗಲ್ದಾಗ ನಿಂತು ಮನಿಗಿ ಬರೂ ಕುರಿ ನೋಡಿದಾವ. ಅದಕ್ಕ ಹಂಗ ಬರದಿ."

ಮಾಳು ಚುಚ್ಚಿ ಹೇಳಿದ್ದಲ್ಲ. ಬೇಲಿ ಹೀಗೆ ಹಾಕಬಾರದು, ಹಾಗೆ ಹಾಕಬೇಕು ಅನ್ನುವಂತೆ ಹೇಳಿದ. ಬರೆದದ್ದು ಕುರಿಯನ್ನಲ್ಲ, ವರ್ಷಕ್ಕೊಮ್ಮೆ ಹೊಸ್ತಿಲಲ್ಲಿ ನಿಂತು ತಾನು ಕಾಯುವುದನ್ನು ಎಂದು ಅಮೋಘಸಿದ್ದನಿಗೆ ಅಲ್ಲಿ, ಆ ಕೆಸರಿನಲ್ಲಿ ತಿಳಿಯಿತು. ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ. ಕೇಳಿಯೇಬಿಟ್ಟ.

"ಮನಿ ಬ್ಯಾಡ ನಂಗ. ಹಿಂಡಿನ್ಯಾಗ ಪಾಲು ಬೇಕು."

ತಾರವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. ಮಾಳು ಬೈಯುತ್ತಾನೆ ಅನ್ನಿಸಿತು. ಬೈಯಲಿಲ್ಲ.

"ಇಷ್ಟ ಹೊತ್ತು ಬಾಯಾಗ ಇಟ್ಕೊಂಡಿದ್ದೇನ? ಬಾ, ನಿಂಗ ಬೇಕಾದ್ದು ಹಿಡಿ. ಹಿಡದದ್ದು ನಿಂದು."

ಅಮೋಘಸಿದ್ದ ಹಿಂಡಿನೊಳಗೆ ಕಾಲಿಟ್ಟ. ಅವನು ಒಂದು ಹೆಜ್ಜೆ ಇಟ್ಟರೆ ಕುರಿಗಳು ಅಷ್ಟಗಲ ಸರಿದವು. ಕೋಲಿನ ಸಪ್ಪಳ ಅವಕ್ಕೆ ಹೊಸದು, ಅವನ ಮೈ ವಾಸನೆ ಹೊಸದು. ಅವನು ಹೋದ ಕಡೆಯೆಲ್ಲ ಹಿಂಡು ಎರಡಾಗಿ ಸೀಳಿ, ಅವನ ಹಿಂದೆ ಮತ್ತೆ ಕೂಡಿಕೊಳ್ಳುತ್ತಿತ್ತು. ಒಂದಕ್ಕೆ ಕೈ ಚಾಚಿದ, ಅಂಗೈಗೆ ಹಸಿ ಉಣ್ಣೆ ತಾಗಿ ಜಾರಿತು. ಇನ್ನೊಂದಕ್ಕೆ ಬಾಗಿದ, ಕೋಲು ಹುಗಿದು ಮುಗ್ಗರಿಸಿ ಮೊಣಕಾಲೂರಿದ. ಮಾಳುವಿನ ಮಕ್ಕಳು ಆಚೆ ಮುಖ ತಿರುಗಿಸಿ ನಗು ನುಂಗಿದರು.

ಮಾಳುವೇ ಬಂದ. ನಡೆಯುತ್ತ ನಡೆಯುತ್ತಲೇ ಒಂದು ಕುರಿಯ ಹಿಂಗಾಲು ಹಿಡಿದೆಳೆದು ತಮ್ಮನ ಮುಂದೆ ಒತ್ತಿಹಿಡಿದ.

"ತಗೊ. ಎಳೀದೈತಿ, ಚೊಲೋ ಈಯ್ತೈತಿ. ನಿನ್ನ ಪಾಲಿಂದಂತ ಕಿವಿಗಿ ಇನ್ನೊಂದು ಕಚ್ಚು ಹಾಕೂಣೇನ?"

ಅಮೋಘಸಿದ್ದ ಅದರ ಕತ್ತಿನ ಮೇಲೆ ಕೈ ಇಟ್ಟ. ಉಣ್ಣೆಯ ಕೆಳಗೆ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಅದರ ಕಣ್ಣು ಅವನ ಮೇಲಿರಲಿಲ್ಲ, ಅವನ ಹೆಗಲಾಚೆ ಹಿಂಡಿನ ಮೇಲಿತ್ತು. ಬಾಯಿ ತೆರೆದು ಒಂದೇ ಸವನೆ ಒದರುತ್ತಿತ್ತು. ಇದರ ಕಿವಿ ಇನ್ನೊಮ್ಮೆ ಕೊಯ್ದರೆ ರಕ್ತ ಬರುತ್ತದೆ, ಒಣಗುತ್ತದೆ, ಕುರಿ ಹಿಂಡಿನ ಜೊತೆ ನಡೆದು ಹೋಗುತ್ತದೆ. ಅಷ್ಟೇ ಆಗುವುದು.

"ಬಿಡಣ್ಣಾ. ನಿನ್ನ ಹತ್ರನ ಇರ್ಲಿ."

"ನನ್ನ ಹತ್ರ ಇದ್ರ ನಂದ ಆಗತೈತಿ ನೋಡ. ಆಮ್ಯಾಲೆ ಅನಬ್ಯಾಡ."

"ಆಗ್ಲಿ."

ಮಾಳು ಕೈ ಬಿಟ್ಟ. ಕುರಿ ಮೈ ಝಾಡಿಸಿಕೊಂಡು ಓಡಿತು. ಯಾವುದರ ಪಕ್ಕ ಹೋಗಿ ನಿಂತಿತು ಎಂದು ಅಮೋಘಸಿದ್ದನಿಗೆ ಆ ಕ್ಷಣಕ್ಕೇ ಗೊತ್ತಾಗಲಿಲ್ಲ. ತಾರವ್ವ ಬಿಸಿ ರೊಟ್ಟಿಯ ಮೇಲೆ ಖಾರ ಹಾಕಿ ಕೊಟ್ಟಳು. "ನಾಕ ದಿನ ಇದ್ದ ಹೋಗೋ" ಎಂದಳು. ಬೆಳಗ್ಗೆ ಹಿಂಡು ಕಾಗವಾಡದ ಕಡೆ ಹೊರಡುವುದಿತ್ತು. ನಡೆಯಲಾಗದವನು ನಾಲ್ಕು ದಿನ ಎಲ್ಲಿ ಇರಬೇಕೆಂದು ಅವಳೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಮಾಳುವಿನ ದೊಡ್ಡ ಮಗ ಬೈಕಿನ ಮೇಲೆ ಕರೆತಂದು ಬಿಟ್ಟು ಹೋದ.

ಅಂಗಡಿ ತೆಗೆದವನೇ ಅಮೋಘಸಿದ್ದ ಐಕಾನ್ ತಿದ್ದಲು ಕೂತ. ಎಡದ್ದು ಬಲಕ್ಕೆ ಮಗುಚುವುದು ಮೌಸಿನ ಒಂದು ಒತ್ತಿಗೆ ಆಗುವ ಕೆಲಸ. ಆದರೆ ಮಗುಚಿದರೂ ಅದು ಎರಡು ಕಿವಿ, ಒಂದು ಗುಪ್ಪೆ. ನಾಳೆ ಇನ್ನೊಬ್ಬ ಜಿನ್ನಪ್ಪನ ಮುಂದೆ ಅದೇ ರಗಳೆ. ಹಾಗಾಗಿ ಮಗುಚಿದ ಮೇಲೆ ಗುಪ್ಪೆಯ ಕೆಳಗೆ ಕಪ್ಪು ಚೌಕಗಳನ್ನು ತುಂಬಿ ಒಂದು ಗಿಡ್ಡ ಬಾಲ ಬರೆದ. ಈಗ ಯಾರಿಗೂ ಅನುಮಾನ ಬರುವಂತಿರಲಿಲ್ಲ. ತನ್ನ ಮನೆಯದು ಮುಗಿಸಿ ಬಾಳಾಸಾಬನದು ಮಾಡಿದ, ಆಮೇಲೆ ಉಳಿದ ಮನೆಗಳದು. ವಾರ ಹಿಡಿಯಿತು. ಕುನಾಲ ಚಹ ಹಿಡಿದು ಒಳಗೆ ಬಂದವನು ತೆರೆ ನೋಡಿ ಹೌಹಾರಿದ.

"ಏನೋ ಇದು? ಎಲ್ಲಾ ಕುಂಡಿ ತೋರಸಾಕತ್ತಾವ!"

"ಹಂಗ ನೋಡಬೇಕಂತ" ಎಂದ ಅಮೋಘಸಿದ್ದ.

ಮಳೆಗಾಲಕ್ಕೆ ಕುರಿಗಾರರು ಬಂದರು. ಯಾರೂ ಏನೂ ಕೇಳಲಿಲ್ಲ. ಬಾಗಿಲಲ್ಲಿ ನಿಂತೇ ಬೆರಳು ತೋರಿಸಿ 'ಅದು ನಮ್ಮದು' ಎಂದು ಕಾಗದ ತೆಗೆಸಿಕೊಂಡು ಹೋದರು. ಮೊದಲಿನಷ್ಟು ಹೊತ್ತು ಯಾರೂ ಕೂರುವುದಿಲ್ಲ, ಹುಡುಕುವುದೇ ಇಲ್ಲವಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಮೋಘಸಿದ್ದ ತೆರೆಯ ಮುಂದೆ ಒಬ್ಬನೇ ಕೂರುತ್ತಾನೆ. ಸಾಲುಸಾಲು ಕುರಿಗಳು ಬಾಲ ಈ ಕಡೆ ಮಾಡಿ ನಿಂತಿವೆ. ಒಂದೂ ಅವನ ಕಡೆ ಮುಖ ಮಾಡಿಲ್ಲ.